ಎರಡು ಮ್ಯಾಗಜಿನ್, ಒಂದೇ ಕೈ

ಟೆಕ್ಸಸ್ಸಿನಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ನಿವೃತ್ತ ಎಲೆಕ್ಟ್ರಿಷಿಯನ್. ಅರವತ್ತು ದಾಟಿದವರು, ಮಾತು ಕಡಿಮೆ. ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ತಮ್ಮ ಪಿಸ್ತೂಲನ್ನು ಬಿಚ್ಚಿ ಒರೆಸುತ್ತಾರೆ. ಮೊದಮೊದಲು ಆ ಹೊತ್ತಿಗೆ ನಾನು ಅಡುಗೆಮನೆಯ ಕಡೆ ಹೋಗುತ್ತಲೇ ಇರಲಿಲ್ಲ. ಬಂದೂಕು ಎಂದರೆ ಬ್ಯಾಂಕಿನ ಬಾಗಿಲಲ್ಲಿ ಕೂತ ಸೆಕ್ಯುರಿಟಿಯವರ ಹೆಗಲ ಮೇಲಿನದು ಎಂದಷ್ಟೇ ತಿಳಿದು ಬೆಳೆದವನಿಗೆ, ತಿಂಡಿ ತಿನ್ನುವ ಮೇಜಿನ ಮೇಲೆ ಅದನ್ನು ಕಂಡು ರೂಢಿಯಾಗಲು ಒಂದು ವರ್ಷ ಹಿಡಿಯಿತು.

ಒಂದು ಭಾನುವಾರ ಟವೆಲ್ಲಿನ ಮೇಲೆ ಆರು ಮ್ಯಾಗಜಿನ್‌ಗಳಿದ್ದವು, ಆರೂ ಖಾಲಿ. ನಾಲ್ಕರ ತಳಕ್ಕೆ ಹಳದಿ ಬಣ್ಣ ಬಳಿದು 1ರಿಂದ 4ರವರೆಗೆ ಸಂಖ್ಯೆ ಬರೆದಿತ್ತು, ಮೈತುಂಬ ಗೀರು. ಇನ್ನೆರಡು ಕಪ್ಪಗೆ, ಯಾವ ಗುರುತೂ ಇಲ್ಲದೆ ಸ್ವಲ್ಪ ದೂರದಲ್ಲಿದ್ದವು. ಕಂಪನಿ ಒಂದೇ, ಮಾದರಿ ಒಂದೇ. “ಹಳದಿಯವು ಅಭ್ಯಾಸಕ್ಕೆ, ಕಪ್ಪಿನವು ಸೊಂಟಕ್ಕೆ. ಇವು ಯಾವತ್ತೂ ಬೆರೆಯಬಾರದು” ಎಂದರು. ಯಾಕೆ ಎಂದು ಕೇಳಿದೆ. ಅವರು ಕೊಟ್ಟ ಉತ್ತರ ಅರ್ಧ ಗಂಟೆಯಲ್ಲಿ ಮುಗಿಯಿತು. ನನ್ನೊಳಗೆ ಅದು ಇನ್ನೂ ಮುಗಿದಿಲ್ಲ.

ನೀವು ಈಗ ಓದುತ್ತಿರುವುದನ್ನೂ ಮ್ಯಾಗಜಿನ್ ಎಂದೇ ಕರೆಯುತ್ತೇವೆ. ಎರಡಕ್ಕೂ ಮೂಲ ಒಂದೇ: ಉಗ್ರಾಣ ಎಂಬ ಅರ್ಥದ ‘ಮಖ್ಜನ್’ ಎಂಬ ಅರಬ್ಬಿ ಪದ. ಮೊದಲು ಸರಕಿನ ಉಗ್ರಾಣ, ಆಮೇಲೆ ಮದ್ದುಗುಂಡಿನ ಉಗ್ರಾಣ. ಶ್ರೀರಂಗಪಟ್ಟಣದಲ್ಲಿ ನಾವು ಮದ್ದಿನ ಮನೆ ಎನ್ನುತ್ತೇವಲ್ಲ, ಅದು. 1731ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಅದೇ ಪದವನ್ನು ಬರಹಗಳ ಉಗ್ರಾಣಕ್ಕೆ ತಂದಿತು. ಪಿಸ್ತೂಲಿನ ಮ್ಯಾಗಜಿನ್ ಅಂಗೈಯಲ್ಲಿ ಹಿಡಿಯುವ ಮದ್ದಿನ ಮನೆ. ತಗಡಿನದೋ ಪಾಲಿಮರಿನದೋ ಒಂದು ಉದ್ದನೆಯ ಡಬ್ಬಿ, ಒಳಗೊಂದು ಸ್ಪ್ರಿಂಗು, ಅದರ ಮೇಲೆ ಗುಂಡುಗಳನ್ನು ಎತ್ತಿ ಕೊಡುವ ಪುಟ್ಟ ತಟ್ಟೆ, ತುದಿಯಲ್ಲಿ ಗುಂಡು ಹಾರಿಬೀಳದಂತೆ ತಡೆದು ಹಿಡಿಯುವ ಎರಡು ತುಟಿಗಳು. ಪಿಸ್ತೂಲಿನಲ್ಲಿ ಗುಂಡು ಸಿಕ್ಕಿಕೊಂಡಿತೆಂದರೆ ಬಹಳ ಸಲ ತಪ್ಪು ಇಲ್ಲೇ ಇರುತ್ತದೆ.

ಮಾಲೀಕರು ಹೇಳಿದ ಮೊದಲ ಕಾರಣ ಸವೆತ. ರೇಂಜಿನಲ್ಲಿ ಬೇಗ ಬದಲಿಸುವ ಅಭ್ಯಾಸ ಮಾಡುವಾಗ ಖಾಲಿಯಾದ ಮ್ಯಾಗಜಿನ್ನನ್ನು ನೆಲಕ್ಕೆ ಬೀಳಿಸುತ್ತಾರೆ. ಕಾಂಕ್ರೀಟಿನ ಮೇಲೆ ನೂರಾರು ಸಲ ಬಿದ್ದರೆ ತುಟಿ ಬಾಗುತ್ತದೆ, ಒಳಗೆ ಮರಳು ಸೇರುತ್ತದೆ. ಸ್ಪ್ರಿಂಗು ಕೂಡ ಸುಮ್ಮನೆ ಅದುಮಿಟ್ಟಿದ್ದಕ್ಕಿಂತ ಪದೇ ಪದೇ ತುಂಬಿ ಖಾಲಿ ಮಾಡುವುದರಿಂದಲೇ ಹೆಚ್ಚು ದಣಿಯುತ್ತದೆ. ಸಂಖ್ಯೆ ಯಾಕೆಂದರೆ, ಗುಂಡು ಸಿಕ್ಕಿಕೊಂಡಾಗ ಅದು ಯಾವ ಮ್ಯಾಗಜಿನ್ನಿನ ದೋಷ ಎಂದು ಗೊತ್ತಾಗಲಿ ಎಂದು. ಗುಂಡುಗಳೂ ಬೇರೆ. ಅಭ್ಯಾಸಕ್ಕೆ ತಾಮ್ರದ ಕವಚದ ಅಗ್ಗದ ಗುಂಡು. ಸೊಂಟದ್ದಕ್ಕೆ ತುದಿಯಲ್ಲಿ ಗುಳಿಯಿರುವ, ದೇಹಕ್ಕೆ ತಗುಲಿದೊಡನೆ ಅರಳಿಕೊಳ್ಳುವ ದುಬಾರಿ ಗುಂಡು. ಅವರ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳುವಾಗ ನನಗೆ ಸಿಕ್ಕ ಕ್ರಿಯಾಪದ ‘ಅರಳು’. ಹೂವಿಗೆ ಬಳಸುವ ಪದವನ್ನು ಇಲ್ಲಿಗೆ ಎಳೆತಂದದ್ದಕ್ಕೆ ನಾಚಿಕೆಯಾಯಿತು.

“ಹಾಗಾದರೆ ಕಪ್ಪಿನವನ್ನು ಬಳಸುವುದೇ ಇಲ್ಲವೇ?” ಎಂದೆ. “ಬಳಸದೆ ನಂಬುವುದು ಹೇಗೆ?” ಎಂದು ನಕ್ಕರು. ಕೊಂಡು ತಂದಾಗ ಆ ದುಬಾರಿ ಗುಂಡುಗಳನ್ನೇ ತುಂಬಿ ಹಾರಿಸಿ, ಒಂದೂ ತೊಡಕಾಗದೆ ನಡೆದರೆ ಮಾತ್ರ ಅದು ಸೊಂಟಕ್ಕೆ ಹೋಗುತ್ತದಂತೆ. ಆಮೇಲೂ ವರ್ಷಕ್ಕೊಂದೆರಡು ಸಲ ಹಳೆಯ ಗುಂಡುಗಳನ್ನು ಹಾರಿಸಿ ಮುಗಿಸಿ ಹೊಸದನ್ನು ತುಂಬುತ್ತಾರೆ. ಪರೀಕ್ಷಿಸದ್ದನ್ನು ನಂಬುವಂತಿಲ್ಲ, ಪರೀಕ್ಷಿಸುತ್ತಲೇ ಇದ್ದರೆ ನಂಬಬೇಕಾದ ವಸ್ತುವೇ ಸವೆಯುತ್ತದೆ. ಸಾಬೀತಾಗುವಷ್ಟು ಬಳಸಿ, ಅಲ್ಲಿಗೆ ನಿಲ್ಲಿಸಬೇಕು. ನಂಬಿಕೆಯ ಬಗ್ಗೆ ನಾನು ಓದಿದ ಎಷ್ಟೋ ಪ್ರಬಂಧಗಳಲ್ಲಿ ಇಷ್ಟು ಸ್ಪಷ್ಟವಾಗಿ ಈ ಇಕ್ಕಟ್ಟನ್ನು ಕಂಡಿರಲಿಲ್ಲ.

ಇವೆಲ್ಲ ಉಪಕರಣದ ಕಾರಣಗಳು. ನಿಜವಾದ ಕಾರಣ ಹಾಲಿನ ಗೋಡೆಯಲ್ಲಿದೆ ಎಂದು ಆಮೇಲೆ ತಿಳಿಯಿತು. ಅಲ್ಲಿ, ಸೋಫಾದ ಹಿಂದೆ, ಕಿರುಬೆರಳು ಹೋಗುವಷ್ಟು ಒಂದು ತೂತಿದೆ. ಯಾವುದೋ ಮೊಳೆ ಕಿತ್ತ ಗುರುತು ಅಂದುಕೊಂಡಿದ್ದೆ.

ಗುಂಡಿಲ್ಲದ ಪಿಸ್ತೂಲು ಹಿಡಿದು ಗುರಿಯಿಟ್ಟು ಟ್ರಿಗರ್ ಎಳೆಯುವ ಅಭ್ಯಾಸವೊಂದಿದೆ, ಡ್ರೈ ಫೈರ್ ಎನ್ನುತ್ತಾರೆ. ಖರ್ಚಿಲ್ಲ, ಸದ್ದಿಲ್ಲ, ಮನೆಯಲ್ಲೇ ಮಾಡಬಹುದು. ಹದಿನೈದು ವರ್ಷದ ಹಿಂದೆ ಒಂದು ಸಂಜೆ ಮಾಲೀಕರು ಹಾಗೆ ಅಭ್ಯಾಸ ಮಾಡಿ ಮುಗಿಸಿದರು. ಮ್ಯಾಗಜಿನ್ನಿಗೆ ಗುಂಡು ತುಂಬಿದರು, ಪಿಸ್ತೂಲಿಗೆ ಹಾಕಿದರು, ಗುಂಡನ್ನು ನಳಿಗೆಗೆ ಏರಿಸಿ ಸೊಂಟಕ್ಕೆ ಸಿಕ್ಕಿಸಿದರು. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದವರಿಗೆ ಕೊನೆಯ ಸಲ ಕೈ ಸ್ವಲ್ಪ ನಡುಗಿದ್ದು ನೆನಪಾಯಿತು. ಇನ್ನೊಂದೇ ಸಲ ಅಂದುಕೊಂಡು ಹೊರತೆಗೆದು, ಗೋಡೆಯ ಮೇಲಿನ ಅದೇ ಚುಕ್ಕೆಗೆ ಗುರಿಯಿಟ್ಟು ಟ್ರಿಗರ್ ಎಳೆದರು. ಇಲ್ಲಿನ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ, ಜಿಪ್ಸಂ ಹಲಗೆ. ಗುಂಡು ಆಚೆ ಕೋಣೆಯ ಪುಸ್ತಕದ ಕಪಾಟಿನಲ್ಲಿ ಹೋಗಿ ನಿಂತಿತು. ಅದು ಅವರ ಮಗನ ಕೋಣೆ. ಹುಡುಗ ಅಂದು ಆಟದಿಂದ ತಡವಾಗಿ ಬಂದಿದ್ದ.

“ಆಗ ನನ್ನಲ್ಲಿದ್ದ ಮ್ಯಾಗಜಿನ್‌ಗಳೆಲ್ಲ ಒಂದೇ ಥರ ಇದ್ದವು” ಎಂದರು. ಮಾರನೆಯ ದಿನ ಹಳದಿ ಬಣ್ಣ ತಂದರಂತೆ. ಅಂದಿನಿಂದ ಅಭ್ಯಾಸ ಮಾಡುವ ಕೋಣೆಗೆ ಒಂದು ಗುಂಡೂ ಬರುವಂತಿಲ್ಲ. ಕಪ್ಪು ಮ್ಯಾಗಜಿನ್‌ಗಳು ಇನ್ನೊಂದು ಕೋಣೆಯ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ತೂತನ್ನು ಮಾತ್ರ ಅವರು ಮುಚ್ಚಿಲ್ಲ.

ನಮ್ಮಲ್ಲೊಂದು ಮಾತಿದೆ, ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದವರಿಗೆ ಮನೆಯ ಹಿರಿಯರು ಎಸೆಯುವ ಮಾತು. ಯುದ್ಧದ ಹೊತ್ತಿನಲ್ಲಿ ಅಭ್ಯಾಸಕ್ಕೆ ಕೂತವನ ಪೆದ್ದುತನವನ್ನು ಅದು ಹಂಗಿಸುತ್ತದೆ. ಅದರ ತಿರುಗುಮುರುಗನ್ನು ನಾವು ಯೋಚಿಸಿಯೇ ಇಲ್ಲ: ಅಭ್ಯಾಸದ ಹೊತ್ತಿನಲ್ಲಿ ಯುದ್ಧ ನಡೆದುಬಿಡುವುದು. ಆ ಸಂಜೆ ಆ ಹಾಲಿನಲ್ಲಿ ಆದದ್ದು ಅದು.

ಅಭ್ಯಾಸ ಎಂದರೆ ತಪ್ಪಿಗೆ ಜಾಗ ಬಿಟ್ಟುಕೊಟ್ಟ ಹೊತ್ತು. ಕಲಿಯುವವನು ತಪ್ಪಬೇಕು, ತಪ್ಪಿದರೂ ಯಾರಿಗೂ ಪೆಟ್ಟಾಗಬಾರದು. ಅದಕ್ಕಾಗಿ ನಾವು ಒಂದು ಬೇಲಿ ಹಾಕುತ್ತೇವೆ. ಹಳದಿ ಬಣ್ಣ ಅಂಥ ಬೇಲಿ. ಅದರ ಈಚೆ ತಪ್ಪಿಗೆ ಬೆಲೆಯಿಲ್ಲ, ಆಚೆ ತಪ್ಪಿಗೆ ಪರಿಹಾರವಿಲ್ಲ. ಆದರೆ ಬೇಲಿ ಹಾಕಲಾಗುವುದು ವಸ್ತುಗಳಿಗೆ ಮಾತ್ರ. ಎರಡು ಬಗೆಯ ಮ್ಯಾಗಜಿನ್‌ಗಳನ್ನೂ ತುಂಬುವುದು, ಹಾಕುವುದು, ತೆಗೆಯುವುದು ಒಂದೇ ಕೈ. ಈಚೆ ಕಲಿತದ್ದನ್ನು ಆಚೆಗೆ ಒಯ್ಯಲಿ ಎಂದೇ ಅದಕ್ಕೆ ತರಬೇತಿ ಕೊಟ್ಟಿರುತ್ತೇವೆ.

ನನ್ನ ಕೆಲಸ ಪದವಿ ತರಗತಿಗಳಿಗೆ ನೀತಿಶಾಸ್ತ್ರ ಪಾಠ ಮಾಡುವವರಿಗೆ ಸಹಾಯಕನಾಗಿರುವುದು. ಪ್ರತಿ ಸೆಮಿಸ್ಟರಿನಲ್ಲೂ ಅರಿಸ್ಟಾಟಲ್ ಬರುತ್ತಾನೆ. ಮನೆ ಕಟ್ಟುತ್ತಾ ಕಟ್ಟುತ್ತಾ ಮನೆ ಕಟ್ಟುವವರಾಗುತ್ತೇವೆ, ನ್ಯಾಯದ ಕೆಲಸ ಮಾಡುತ್ತಾ ನ್ಯಾಯವಂತರಾಗುತ್ತೇವೆ ಎಂಬುದು ಅವನ ವಾದ. ವಿದ್ಯಾರ್ಥಿಗಳು ಇಷ್ಟನ್ನು ಬರೆದುಕೊಳ್ಳುತ್ತಾರೆ. ಅದರ ಬೆನ್ನಿಗೇ ಬರುವ ಮಾತನ್ನು ಅನೇಕರು ಬಿಟ್ಟುಬಿಡುತ್ತಾರೆ: ವಾದ್ಯ ನುಡಿಸುವುದರಿಂದಲೇ ಒಳ್ಳೆಯ ವಾದಕರೂ ಹುಟ್ಟುತ್ತಾರೆ, ಕೆಟ್ಟ ವಾದಕರೂ ಹುಟ್ಟುತ್ತಾರೆ. ಅಭ್ಯಾಸಕ್ಕೆ ಸರಿ ತಪ್ಪು ಗೊತ್ತಿಲ್ಲ. ಕೊಟ್ಟದ್ದನ್ನು ಅದು ಗಟ್ಟಿ ಮಾಡುತ್ತದೆ.

ಬಂದೂಕು ಕಲಿಸುವವರಿಗೂ ಇದು ಗೊತ್ತು. 1970ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲಿನಲ್ಲಿ ಹೈವೇ ಪೆಟ್ರೋಲಿನ ನಾಲ್ವರು ಪೊಲೀಸರು ಗುಂಡಿನ ಕಾಳಗದಲ್ಲಿ ಸತ್ತರು. ಅವರಲ್ಲೊಬ್ಬರ ಜೇಬಿನಲ್ಲಿ ಹಾರಿಸಿದ ಗುಂಡುಗಳ ಖಾಲಿ ತೋಟಾಗಳು ಸಿಕ್ಕವೆಂಬ ಕಥೆ ದಶಕಗಟ್ಟಲೆ ತರಬೇತಿಗಳಲ್ಲಿ ಓಡಾಡಿತು. ಅಭ್ಯಾಸದ ಮೈದಾನ ಚೊಕ್ಕವಾಗಿರಲೆಂದು ಖಾಲಿ ತೋಟಾಗಳನ್ನು ಜೇಬಿಗೆ ಹಾಕಿಕೊಳ್ಳುವ ರೂಢಿಯಿತ್ತು, ಸಾವಿನೆದುರೂ ಕೈ ಅದನ್ನೇ ಮಾಡಿತು ಎನ್ನುವುದು ಕಥೆ. ಮುಂದೆ ಆ ಘಟನೆಯ ದಾಖಲೆಗಳನ್ನು ಕೆದಕಿದವರು ಈ ಭಾಗ ನಿಜವಲ್ಲ ಎಂದು ವಾದಿಸಿದ್ದಾರೆ. ಆದರೂ ಕಥೆ ಸಾಯಲಿಲ್ಲ. ಅಭ್ಯಾಸದಲ್ಲಿ ನುಸುಳಿದ ಸಣ್ಣ ಅಸಡ್ಡೆ ಬೇಲಿ ಹಾರಿ ಬರುತ್ತದೆಂಬ ಭಯ ನಿಜವಾಗಿದ್ದುದರಿಂದ ಕಥೆಯೂ ಉಳಿಯಿತು ಎಂದು ನನಗನ್ನಿಸುತ್ತದೆ.

ನನ್ನ ತಕರಾರು ಇನ್ನೊಂದು ಕಡೆ ಇತ್ತು. ಒಮ್ಮೆ ಮಾಲೀಕರ ಜೊತೆ ರೇಂಜಿಗೆ ಹೋಗಿದ್ದೆ. ವಿದ್ಯಾರ್ಥಿ ವೀಸಾದ ಮೇಲಿರುವವರು ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಬಂದೂಕು ಹಿಡಿಯುವುದನ್ನು ಇಲ್ಲಿನ ಫೆಡರಲ್ ಕಾನೂನು ಒಪ್ಪುವುದಿಲ್ಲ. ಹಾಗಾಗಿ ಗಾಜಿನ ಹಿಂದೆ ನಿಂತು ನೋಡಿದೆ. ಕಾಗದದ ಮೇಲೆ ಮನುಷ್ಯನ ಆಕಾರ. ಅದಕ್ಕೆ ಮುಖವಿಲ್ಲ, ಅಮಲಿಲ್ಲ, ಭಯವಿಲ್ಲ, ಅದು ತಪ್ಪು ಮನೆಯ ಬಾಗಿಲು ತಟ್ಟಿದ ಹುಡುಗನೂ ಅಲ್ಲ. ಹೊಡೆಯಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿ ಮೊದಲೇ ತೀರ್ಮಾನವಾಗಿದೆ. ಎಷ್ಟು ಬೇಗ, ಎಷ್ಟು ನಿಖರ ಎಂಬುದಷ್ಟೇ ಉಳಿದದ್ದು. ಮನೆಗೆ ಬರುವಾಗ ಕಾರಿನಲ್ಲಿ ಹೇಳಿಯೇಬಿಟ್ಟೆ: “ನೀವು ಅಭ್ಯಾಸ ಮಾಡುವುದು ಸುಲಭದ ಭಾಗವನ್ನು. ಕಷ್ಟದ ಭಾಗಕ್ಕೆ ಹಳದಿ ಮ್ಯಾಗಜಿನ್ ಇಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದನ್ನು ಆದಷ್ಟು ಹಾಗೆಯೇ ಕೊಡುತ್ತೇನೆ. “ಇದೆ. ಬೆಳಿಗ್ಗೆ ಕಪ್ಪು ಮ್ಯಾಗಜಿನ್ ಸೊಂಟಕ್ಕೆ ಹೋದ ಕ್ಷಣದಿಂದ ನನಗೆ ಯಾರೊಂದಿಗೂ ಜಗಳವಾಡುವ ಹಕ್ಕಿಲ್ಲ. ಯಾರೋ ಅಡ್ಡ ಬಂದು ಕಾರು ನುಗ್ಗಿಸಿದರೆ ನಾನು ಹಾರ್ನ್ ಮಾಡುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ಬೈದರೆ ಕ್ಷಮೆ ಕೇಳಿ ಹೊರಗೆ ಬರುತ್ತೇನೆ. ಮೊದಲು ನಾನು ಹಾಗಿರಲಿಲ್ಲ. ಅದೇ ಕಷ್ಟದ ಅಭ್ಯಾಸ. ದಿನಾ ಮಾಡುತ್ತೇನೆ.”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕಪ್ಪು ಮ್ಯಾಗಜಿನ್ ಕೆಲಸವಿಲ್ಲದೆ ಕಾಯುತ್ತಿದೆ ಎಂದು ನಾನು ತಿಳಿದಿದ್ದೆ. ಅವರ ಲೆಕ್ಕದಲ್ಲಿ ಅದು ಹಾರದೆ ಉಳಿದ ಒಂದೊಂದು ದಿನವೂ ಅದರ ಕೆಲಸವೇ. ಸ್ಪ್ರಿಂಗು ಹಳತಾಗಿ ಒಂದು ದಿನ ಅದನ್ನು ಅಭ್ಯಾಸದ ಸಾಲಿಗೆ ಸೇರಿಸಿ ಹಳದಿ ಬಳಿಯುವಾಗ, ಅದು ಯಾವ ಮನುಷ್ಯನನ್ನೂ ಕಂಡಿರಬಾರದು. ಎಂದೂ ಬಳಸಬಾರದೆಂದು ಹಾರೈಸುವ ವಸ್ತುವನ್ನು ಇಷ್ಟು ಜತನವಾಗಿ ನೋಡಿಕೊಳ್ಳುವುದರಲ್ಲಿ ಒಂದು ಬಗೆಯ ವಿವೇಕವಿದೆ, ಅದನ್ನು ಒಪ್ಪುತ್ತೇನೆ.

“ನಿಮ್ಮ ಕಡೆ ಹೇಗೆ?” ಎಂದು ಅವರು ಕೇಳಿದರು. ನಮ್ಮಲ್ಲಿ ಪರವಾನಗಿ ಸಿಗುವುದೇ ದುರ್ಲಭ ಎಂದೆ. ಕೊಡಗಿನವರಿಗೆ ಪರವಾನಗಿಯಿಂದ ವಿನಾಯಿತಿ ಇರುವುದನ್ನೂ, ಹಾಸ್ಟೆಲಿನ ಗೆಳೆಯನ ಮನೆಗೆ ಕೈಲ್ ಪೊಳ್ದ್ ಹಬ್ಬಕ್ಕೆ ಹೋದಾಗ ಕೋವಿಯನ್ನು ದೀಪದ ಮುಂದಿಟ್ಟು ತೋಕ್ ಪೂ ಸಿಕ್ಕಿಸಿದ್ದನ್ನೂ ಹೇಳಿದೆ. ಆ ಕೋವಿ ಇಡೀ ಮನೆಯವರ ಕಣ್ಣೆದುರಿಗಿತ್ತು, ಅಜ್ಜಿಯಿಂದ ಮಗುವಿನವರೆಗೆ. ಇಲ್ಲಿ ಅಂಗಿಯಡಿಯ ಪಿಸ್ತೂಲಿಗೆ ಹಾಗೆ ಹತ್ತು ಜನರ ನೋಟವಿಲ್ಲ. ಎಳೆಯಬೇಕೋ ಬೇಡವೋ ಎನ್ನುವುದು ಒಬ್ಬನೇ ಒಬ್ಬನ, ಅರೆಗಳಿಗೆಯ ತೀರ್ಮಾನ.

ನನ್ನ ಅಸಮಾಧಾನ ಉಳಿದಿರುವುದು ಇಲ್ಲಿಯೇ. ಗೋಡೆಯ ತೂತು ನನ್ನ ಮಾಲೀಕರನ್ನು ತಿದ್ದಿತು. ತೂತಿಲ್ಲದ ಮನೆಯವರನ್ನು ಯಾರು ತಿದ್ದುತ್ತಾರೆ? 2021ರ ಸೆಪ್ಟೆಂಬರಿನಿಂದ ಟೆಕ್ಸಸ್ಸಿನಲ್ಲಿ 21 ದಾಟಿದ ಹೆಚ್ಚಿನವರು ಪರವಾನಗಿಯನ್ನೂ ತರಬೇತಿಯನ್ನೂ ಪಡೆಯದೆ ಕೈಬಂದೂಕು ಹೊತ್ತು ಓಡಾಡಬಹುದು. ಪರವಾನಗಿ ಬೇಕೆನ್ನುವವರಿಗೆ ನಾಲ್ಕರಿಂದ ಆರು ಗಂಟೆಯ ತರಗತಿ, 50 ಗುಂಡಿನ ಪರೀಕ್ಷೆ. ಜಗಳವನ್ನು ಹಿಂಸೆಯಿಲ್ಲದೆ ಬಗೆಹರಿಸುವುದು ಹೇಗೆಂಬ ಪಾಠವೂ ಆ ತರಗತಿಯಲ್ಲಿದೆ. ಆದರೆ 50 ಗುಂಡು ಅಳೆಯುವುದು ಕೈಯನ್ನು. ಹಾರ್ನ್ ಮಾಡದೆ ಬಿಡುವ ಮನಸ್ಸನ್ನು ಯಾವ ಗುರಿಹಲಗೆ ಅಳೆದೀತು?

1966ರ ಆಗಸ್ಟ್ 1ರಂದು ಆಸ್ಟಿನ್ನಿನ ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರದ ಮೇಲಿಂದ ಒಬ್ಬ ಬಂದೂಕುಧಾರಿ ಕೆಳಗಿನವರ ಮೇಲೆ ಗುಂಡು ಹಾರಿಸಿದ. ಸರಿಯಾಗಿ ಐವತ್ತು ವರ್ಷದ ನಂತರ, 2016ರ ಅದೇ ದಿನ, ಪರವಾನಗಿ ಇರುವವರು ಸರ್ಕಾರಿ ವಿಶ್ವವಿದ್ಯಾಲಯಗಳ ಕಟ್ಟಡಗಳೊಳಗೆ ಕೈಬಂದೂಕನ್ನು ಮರೆಯಾಗಿ ತರಬಹುದೆಂಬ ಕಾನೂನು ಜಾರಿಗೆ ಬಂತು. ನಾನು ಕೂರುವುದೂ ಅಂಥದೊಂದು ಕಟ್ಟಡದಲ್ಲೇ. ಕಳೆದ ಸೆಮಿಸ್ಟರಿನ ಕೊನೆಯಲ್ಲಿ, ಅಂಕ ಕಡಿಮೆ ಬಂದ ವಿದ್ಯಾರ್ಥಿಯೊಬ್ಬ ಬಾಗಿಲು ಮುಚ್ಚಿಕೊಂಡು ಬಂದು, ಬ್ಯಾಗನ್ನು ಮೇಜಿನ ಮೇಲೆ ಧಪ್ಪನೆ ಇಟ್ಟ. ನನ್ನ ಕಣ್ಣು ಅವನ ಮುಖಕ್ಕಿಂತ ಮೊದಲು ಬ್ಯಾಗಿನ ಕಡೆಗೆ ಹೋಯಿತು. ಒಳಗಿಂದ ಅವನು ತೆಗೆದದ್ದು ಅರಿಸ್ಟಾಟಲನ ಮೇಲೆ ಬರೆದ ಪ್ರಬಂಧ. ಎಲ್ಲಿ ತಪ್ಪಿದೆ ಎಂದು ತಿಳಿಯಲು ಬಂದಿದ್ದ.

ಅವನಿಗೆ ಗೊತ್ತಾಗಲಿಲ್ಲ, ಆದರೆ ಆ ಕ್ಷಣ ನಾನು ಅವನಿಗೆ ಅನ್ಯಾಯ ಮಾಡಿದ್ದೆ. ಬಂದೂಕು ಹಿಡಿಯದ ನನ್ನ ಕಣ್ಣಿಗೂ ಮೂರು ವರ್ಷದಲ್ಲಿ ಒಂದು ಅಭ್ಯಾಸ ಕೂತಿದೆ. ಯಾವ ಬೇಲಿಯೂ ಇಲ್ಲದೆ, ನಾನು ಕೇಳದೆ, ದಿನದಿನವೂ ನಡೆದ ಅಭ್ಯಾಸ. ಅಂದು ಸಂಜೆ ಮನೆಗೆ ಬಂದು ಸೋಫಾವನ್ನು ಸ್ವಲ್ಪ ಮುಂದೆ ಎಳೆದೆ, ತೂತು ಕಾಣುವಂತೆ. ಮಾಲೀಕರು ನೋಡಿದರು, ಏನೂ ಕೇಳಲಿಲ್ಲ. ಸೋಫಾ ಈಗಲೂ ಅಲ್ಲೇ ಇದೆ.