ಖರೇ ವಜ್ರ, ಖರೇ ಮಾತು



ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬ ಕಳೆಯಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗಳ ಸಾಲು ಆರಂಭವಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಮನೆಗಳಲ್ಲಿ ಮದುವೆಯ ಬಂಗಾರವೆಂದರೆ ಹಿಂದೆ ಬೋರಮಾಳ, ಪಾಟ್ಲಿ, ಬಿಲ್ವಾರ, ಬೆಂಡವಾಲಿ, ಜುಮಕಿ. ಪತ್ತಾರರ ಅಂಗಡಿಯಲ್ಲಿ ಕೂತು, ಒರೆಗಲ್ಲಿಗೆ ತಿಕ್ಕಿಸಿ, ತೊಲೆ ಗುಂಜಿಗಳ ಲೆಕ್ಕ ಹಾಕಿಸಿ ತರುತ್ತಿದ್ದರು. ಮನೆಯ ಹಿರಿಯ ಹೆಂಗಸರಿಗೆ ಈ ವಿದ್ಯೆ ತಕ್ಕಮಟ್ಟಿಗೆ ಗೊತ್ತಿತ್ತು. ಈಚೆಗೆ ಆ ಪಟ್ಟಿಗೆ ವಜ್ರದ ಉಂಗುರ, ವಜ್ರದ ಓಲೆಗಳೂ ಸೇರಿವೆ. ಆದರೆ ವಜ್ರವನ್ನು ಅಳೆಯುವ ಒರೆಗಲ್ಲು ನಮ್ಮ ಜನರ ಕೈಯಲ್ಲಿಲ್ಲ. ಅಂಗಡಿಯವರು ಹೇಳಿದ್ದನ್ನೇ ನಂಬಬೇಕು.

ಗುರುಗಳಿಗೆ ವಜ್ರದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಸ್ವರ್ಗಸಾಮ್ರಾಜ್ಯವನ್ನು ವರ್ಣಿಸುವಾಗ ಪ್ರಭು ಯೇಸುಸ್ವಾಮಿ ಆರಿಸಿಕೊಂಡವರಲ್ಲಿ ಒಬ್ಬ ಮುತ್ತಿನ ವ್ಯಾಪಾರಿಯೂ ಇದ್ದಾನೆ ಎಂಬುದನ್ನು ಅವರಿಗೆ ನೆನಪಿಸುತ್ತೇನೆ. ಮತ್ತಾಯನ ಶುಭಸಂದೇಶದ ಹದಿಮೂರನೆಯ ಅಧ್ಯಾಯದ ಆ ಮನುಷ್ಯ ಮುತ್ತುಗಳನ್ನು ನೋಡಿ ನೋಡಿ ಕಣ್ಣು ಪಳಗಿಸಿಕೊಂಡವನು. ಒಳ್ಳೆಯದು ಯಾವುದು, ಅತ್ಯುತ್ತಮ ಯಾವುದು ಎಂದು ಗುರುತಿಸಬಲ್ಲವನಾದ್ದರಿಂದಲೇ ಎಲ್ಲವನ್ನೂ ಮಾರಿ ಆ ಒಂದನ್ನು ಕೊಳ್ಳುವ ಧೈರ್ಯ ಮಾಡಿದ. ವಸ್ತುವಿನ ಗುಣ ತಿಳಿದುಕೊಳ್ಳುವುದು ಲೌಕಿಕ ವ್ಯಾಮೋಹವಲ್ಲ, ಅದು ವಿವೇಕವೆಂಬ ಸದ್ಗುಣದ ಒಂದು ಭಾಗ.

ನಾನು ಇದನ್ನು ಬರೆಯಲು ಕಾರಣವಾದದ್ದು, ಮದುವೆಯ ಸಿದ್ಧತೆಯ ಸಮಯದಲ್ಲಿ ಮಗ್ಗದ ಕೆಲಸ ಮಾಡುವ ತಂದೆಯೊಬ್ಬರು ಕೇಳಿದ ಪ್ರಶ್ನೆ. ಊರು, ಹೆಸರು ಬೇಡ. ಗಂಡಿನ ಕಡೆಯವರು ವಜ್ರದ ಉಂಗುರ ಬೇಕೆಂದಿದ್ದರು. ಅಂಗಡಿಯವರು ಇವರಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನು ತೋರಿಸಿದ್ದರು. "ಫಾದರ್, ಅದೂ ಖರೇ ವಜ್ರನ ಐತಿ ಅಂತಾರ. ರೊಕ್ಕ ಮಾತ್ರ ಭಾಳ ಕಡಿಮಿ. ಬೀಗರಿಗೆ ಹೇಳದ ಕೊಟ್ರ ಸುಳ್ಳು ಹೇಳಿದಂಗ ಆಕ್ಕೈತೇನ್ರಿ?" ಸೆಮಿನರಿಯಲ್ಲಿ ಓದಿದ ನೀತಿಶಾಸ್ತ್ರದ ಎಷ್ಟೋ ಪಾಠಗಳು ಈ ಒಂದು ಪ್ರಶ್ನೆಯೊಳಗೆ ಅಡಗಿವೆ. ಉತ್ತರಕ್ಕೆ ಮೊದಲು ವಜ್ರವನ್ನು ಅಳೆಯುವ ಬಗೆಯನ್ನು ಸ್ವಲ್ಪ ತಿಳಿಯೋಣ.

ವಜ್ರದ ದರ್ಜೆಯನ್ನು ನಾಲ್ಕು ಸಂಗತಿಗಳಿಂದ ನಿರ್ಧರಿಸುತ್ತಾರೆ: ತೂಕ, ಬಣ್ಣ, ನಿರ್ಮಲತೆ, ಕಡಿತ. 1931ರಲ್ಲಿ ಸ್ಥಾಪನೆಯಾದ ಅಮೇರಿಕದ ಜಿಐಎ ಸಂಸ್ಥೆ ರೂಪಿಸಿದ ಪದ್ಧತಿ ಇಂದು ಎಲ್ಲೆಡೆ ನಡೆಯುತ್ತದೆ. ತೂಕದ ಅಳತೆ ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರರಲ್ಲಿ ಒಂದು ಭಾಗ ಒಂದು ಸೆಂಟ್. ಬಂಗಾರದ ಕ್ಯಾರೆಟ್ ಬೇರೆ, ಅದು ಶುದ್ಧತೆಯ ಲೆಕ್ಕ. ಈ ಎರಡನ್ನೂ ಕಲಸಿಕೊಂಡು ಮೋಸಹೋಗುವವರಿದ್ದಾರೆ. ಇನ್ನೊಂದು ಎಚ್ಚರಿಕೆ: ಹತ್ತು ಸಣ್ಣ ಹರಳುಗಳು ಸೇರಿ ಒಂದು ಕ್ಯಾರೆಟ್ ಆದರೆ ಅದರ ಬೆಲೆ ಒಂದು ಕ್ಯಾರೆಟ್ಟಿನ ಒಂಟಿ ಹರಳಿಗಿಂತ ಬಹಳ ಕಡಿಮೆ. "ಒಟ್ಟು ಒಂದು ಕ್ಯಾರೆಟ್" ಎಂದು ಯಾರಾದರೂ ಹೇಳಿದರೆ ಹರಳುಗಳನ್ನು ಎಣಿಸಿ ನೋಡಿ.

ಬಣ್ಣದ ಶ್ರೇಣಿ ಇಂಗ್ಲಿಷಿನ ಡಿ ಅಕ್ಷರದಿಂದ ಝಡ್‌ವರೆಗೆ ಇಳಿಯುತ್ತದೆ. ಡಿ ಎಂದರೆ ಬಣ್ಣವೇ ಇಲ್ಲದ್ದು, ಕೆಳಗಿಳಿದಂತೆ ಹಳದಿ ಛಾಯೆ ಹೆಚ್ಚು. (ಎ, ಬಿ, ಸಿ ಎಂದು ವ್ಯಾಪಾರಿಗಳು ಮೊದಲೇ ಮನಬಂದಂತೆ ಬಳಸುತ್ತಿದ್ದುದರಿಂದ ಹೊಸ ಪದ್ಧತಿಯವರು ಡಿ ಅಕ್ಷರದಿಂದ ಆರಂಭಿಸಿದರು.) ನಿರ್ಮಲತೆಯನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡುತ್ತಾರೆ, ವಿವಿಎಸ್, ವಿಎಸ್, ಎಸ್ಐ ಎಂಬ ಗುರುತುಗಳು ಒಳಗಿನ ಚುಕ್ಕೆ, ಗೆರೆಗಳು ಎಷ್ಟು ಸೂಕ್ಷ್ಮವೆಂದು ಹೇಳುತ್ತವೆ. ವಿಎಸ್ ದರ್ಜೆಯ ಹರಳಿನ ದೋಷ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅಕ್ಕಪಕ್ಕದ ಎರಡು ಬಣ್ಣಗಳ ವ್ಯತ್ಯಾಸವೂ ಉಂಗುರದಲ್ಲಿ ಕೂರಿಸಿದ ಮೇಲೆ ನಮಗೆ ನಿಮಗೆ ತಿಳಿಯದು. ಹರಳಿನ ಹೊಳಪಿಗೆ ಮುಖ್ಯ ಕಾರಣ ಕಡಿತ, ಅಂದರೆ ಸಾಣೆ ಹಿಡಿದವನ ಕೈಚಳಕ. ವಿಚಿತ್ರವೆಂದರೆ, ನಾಲ್ಕರಲ್ಲಿ ಮನುಷ್ಯನ ದುಡಿಮೆಯಿಂದ ಬಂದದ್ದು ಇದೊಂದೇ, ಕೊಳ್ಳುವವರು ಕಡೆಗೆ ಕೇಳುವುದೂ ಇದನ್ನೇ.

ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಬೆಲ್ಲದ ಬಣ್ಣ ತಿಳಿಯಾದಷ್ಟೂ ದರ ಹೆಚ್ಚು. ಆ ಬಣ್ಣಕ್ಕಾಗಿ ಗಾಣದವರು ಹೈಡ್ರೋಸ್ ಪುಡಿ ಹಾಕುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಕಪ್ಪು ಬೆಲ್ಲ ರುಚಿಯಲ್ಲಿ, ಸತ್ವದಲ್ಲಿ ಕಡಿಮೆಯೇನಲ್ಲ. ಆದರೂ ಪೇಟೆಯ ಕಣ್ಣು ಬಿಳುಪನ್ನೇ ಹುಡುಕುತ್ತದೆ. ವಜ್ರದ ದರ್ಜೆಯೂ ಹಾಗೆಯೇ. ಅದು ಬಹುಮಟ್ಟಿಗೆ ಹೇಳುವುದು ಆ ಹರಳು ಎಷ್ಟು ವಿರಳ ಎಂಬುದನ್ನು. ಎಷ್ಟು ಗಟ್ಟಿ, ಎಷ್ಟು ಉಪಯುಕ್ತ ಎಂಬುದನ್ನಲ್ಲ.

ಪ್ರಯೋಗಾಲಯದ ವಜ್ರ ಬಂದ ಮೇಲೆ ಈ ಮಾತು ಇನ್ನಷ್ಟು ಸ್ಪಷ್ಟವಾಯಿತು. 1954ರ ಡಿಸೆಂಬರಿನಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಭಾರೀ ಒತ್ತಡ ಮತ್ತು ಶಾಖದಿಂದ ಇಂಗಾಲವನ್ನು ವಜ್ರವಾಗಿಸಿದರು. ಈಗ ಅನಿಲದಿಂದಲೂ ಪದರ ಪದರವಾಗಿ ಬೆಳೆಸುತ್ತಾರೆ, ನಮ್ಮ ಸೂರತ್ತಿನಲ್ಲೂ ಬೆಳೆಸುತ್ತಾರೆ. ಇದು ಅಮೇರಿಕನ್ ಡೈಮಂಡ್ ಎಂದು ಮಾರುವ ಜಿರ್ಕೋನಿಯಾ ಅಲ್ಲ. ಅದೇ ಇಂಗಾಲ, ಅದೇ ರಚನೆ, ಅದೇ ಗಡಸು. ಅಂಗಡಿಯ ಸಾಮಾನ್ಯ ಟೆಸ್ಟರ್ ಯಂತ್ರಕ್ಕೂ ಭೂತಗನ್ನಡಿಗೂ ಗಣಿಯ ವಜ್ರ ಯಾವುದು, ಇದು ಯಾವುದು ಎಂಬ ಭೇದ ತಿಳಿಯದು. ವಿಶೇಷ ಉಪಕರಣವೇ ಬೇಕು. ಇಂಥ ಹರಳುಗಳು ಬಹುತೇಕ ಮೇಲಿನ ದರ್ಜೆಗಳಲ್ಲೇ ಬರುವುದರಿಂದ, ಇವಕ್ಕೆ ಗಣಿಯ ವಜ್ರದ ಅಕ್ಷರಗಳನ್ನು ಕೊಡುವುದನ್ನು ಬಿಟ್ಟು ಬೇರೆ ಸರಳ ವಿಂಗಡಣೆ ಮಾಡುವುದಾಗಿ ಜಿಐಎ 2025ರಲ್ಲಿ ಪ್ರಕಟಿಸಿತು. ಎಲ್ಲರೂ ಮೊದಲ ದರ್ಜೆಯಲ್ಲಿ ಪಾಸಾದರೆ ದರ್ಜೆಗೆ ಅರ್ಥವೇನು?

ಇನ್ನು ಆ ತಂದೆಯ ಪ್ರಶ್ನೆ. ನನಗೆ ನೆನಪಾದದ್ದು ಸಂತ ಥಾಮಸ್ ಅಕ್ವಿನಾಸರು. ಹದಿಮೂರನೆಯ ಶತಮಾನದ ಈ ಮಹಾಪಂಡಿತರು ತಮ್ಮ 'ಸುಮ್ಮಾ' ಗ್ರಂಥದಲ್ಲಿ, ಕೊಡುಕೊಳ್ಳುವ ವ್ಯವಹಾರದ ಮೋಸವನ್ನು ವಿಚಾರಿಸುವಾಗ, ರಸವಾದಿಗಳು ತಯಾರಿಸಿದ ಬಂಗಾರವನ್ನು ಮಾರಬಹುದೇ ಎಂಬ ಪ್ರಶ್ನೆ ಎತ್ತಿದ್ದಾರೆ. ಅವರ ಉತ್ತರದ ಸಾರ ಹೀಗಿದೆ: ಅದು ನೋಡಲು ಮಾತ್ರ ಬಂಗಾರವಾಗಿದ್ದು ಅದರ ನಿಜ ಸ್ವಭಾವ ಹೊಂದಿಲ್ಲದಿದ್ದರೆ ಮಾರುವುದು ಮೋಸ. ಆದರೆ ಮನುಷ್ಯನ ಕೌಶಲದಿಂದ ನಿಜವಾದ ಬಂಗಾರವೇ ಹುಟ್ಟಿದರೆ, ಅದನ್ನು ಬಂಗಾರವೆಂದು ಮಾರುವುದರಲ್ಲಿ ತಪ್ಪಿಲ್ಲ. ಪ್ರಕೃತಿಯ ಕಾರಣಗಳನ್ನೇ ಬಳಸಿ ನಿಜ ವಸ್ತುವನ್ನು ಉಂಟುಮಾಡುವುದು ಮನುಷ್ಯನಿಗೆ ನಿಷಿದ್ಧವಲ್ಲ. ಏಳುನೂರು ವರ್ಷಗಳ ಹಿಂದೆ ಬರೆದದ್ದು ಸೂರತ್ತಿನ ಯಂತ್ರಕ್ಕೆ ಇಷ್ಟು ಸರಿಯಾಗಿ ಹೊಂದುವುದನ್ನು ಕಂಡು ನನಗೂ ಬೆರಗಾಯಿತು.

ಹಾಗಾದರೆ ಆ ಉಂಗುರದ ಕಲ್ಲು ಖರೇ ವಜ್ರವೇ. ಆದರೆ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಮಾರುವವನು ಕೊಳ್ಳುವವನಿಗೆ ತಿಳಿಯದ ದೋಷವನ್ನು ಮುಚ್ಚಿಡಬಾರದೆಂದೂ ಅದೇ ಪ್ರಕರಣದಲ್ಲಿ ಸಂತರು ಬೋಧಿಸುತ್ತಾರೆ. ಬೆಳೆಸಿದ್ದೆಂಬುದು ದೋಷವಲ್ಲದಿರಬಹುದು, ಆದರೆ ಬೆಲೆ ಅದರ ಮೇಲೆ ನಿಂತಿದೆ. 2015ರ ಐಎಸ್ಒ ಮಾನದಂಡದ ಪ್ರಕಾರ ಬರೀ 'ವಜ್ರ' ಎಂದರೆ ಗಣಿಯ ವಜ್ರ. ಬೆಳೆಸಿದ್ದಾದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು. ಆದ್ದರಿಂದ ಹೇಳದೆ ಮಾರುವ ಅಂಗಡಿಯವನು ಮೋಸಗಾರ. ಇದರಲ್ಲಿ ಅನುಮಾನವಿಲ್ಲ.

ತಂದೆ ಅಂಗಡಿಯವನಲ್ಲವಲ್ಲ? ನಿಜ. ಪ್ರೀತಿಯಿಂದ ಕೊಟ್ಟ ಉಡುಗೊರೆಯ ಬೆಲೆಯನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಆದರೆ ಬೇಡಿಕೆಯಿಟ್ಟು ಪಡೆದದ್ದು ಉಡುಗೊರೆಯೇ ಅಲ್ಲ. ಅದು ವರದಕ್ಷಿಣೆ, 1961ರ ಕಾಯಿದೆಯ ಪ್ರಕಾರ ಕೇಳುವುದೂ ಅಪರಾಧ, ಕೊಡುವುದೂ ಅಪರಾಧ. "ನಾವೇನೂ ಕೇಳಿಲ್ಲ, ನಿಮ್ಮ ಮಗಳಿಗೆ ನೀವು ಹಾಕ್ತೀರಿ" ಎಂಬ ನಯದ ಮಾತನ್ನು ನಮ್ಮ ಕ್ರೈಸ್ತ ಮನೆಗಳಲ್ಲೂ ಎಷ್ಟು ಸಲ ಕೇಳಿದ್ದೇನೋ! ಅನ್ಯಾಯವಾಗಿ ಕೇಳಿದವನಿಗೆ ಪೂರ್ತಿ ಲೆಕ್ಕ ಒಪ್ಪಿಸುವ ಹಂಗು ನಮಗಿದೆಯೇ? ಸುಳ್ಳಾಡುವುದು ಎಂದಿಗೂ ಸಲ್ಲದು, ಆದರೆ ವಿವೇಕದಿಂದ ಮೌನವಾಗಿರುವುದು ಸುಳ್ಳಲ್ಲ ಎಂದು ಸಂತ ಥಾಮಸರೇ ಬೇರೊಂದು ಕಡೆ ಹೇಳಿದ್ದಾರೆ. ಆ ನೆಲೆಯಲ್ಲಿ ನೋಡಿದರೆ ತಂದೆ ಬಾಯಿಬಿಡದೆ ಕೊಟ್ಟರೂ ಸುಳ್ಳಾಡಿದಂತಾಗುವುದಿಲ್ಲ. "ಇದು ಗಣಿಯದೇ ಏನ್ರಿ?" ಎಂದು ಬೀಗರು ನೇರವಾಗಿ ಕೇಳಿದಾಗ ಹೌದೆಂದರೆ ಅದು ಸುಳ್ಳು.

ಆದರೂ ನಾನು ಅವರಿಗೆ ಹೇಳಿದ್ದು "ಮೊದಲೇ ಹೇಳಿಬಿಡಿ" ಎಂದು. ಬೀಗರಿಗೆ ತಿಳಿಯುವ ಹಕ್ಕಿದೆ ಎಂದಲ್ಲ. ಆ ಉಂಗುರ ತೊಟ್ಟು ಆ ಮನೆಯಲ್ಲಿ ಬಾಳಬೇಕಾದವಳು ಮಗಳು. ನಾಳೆ ಒಂದು ಕಷ್ಟಕ್ಕೆ ಉಂಗುರ ಮಾರಲು ಹೋದಾಗ ಅಂಗಡಿಯವನ ಬಾಯಿಂದ ಸಂಗತಿ ಹೊರಬಿದ್ದರೆ, ಚುಚ್ಚುಮಾತು ಬೀಳುವುದು ಅವಳ ಮೇಲೆ. ತಂದೆಯ ಮೌನದ ಸಾಲವನ್ನು ಮಗಳು ತೀರಿಸಬೇಕಾಗುತ್ತದೆ. ಬೆಲೆ ತಿಳಿದ ಕೂಡಲೇ ಮುಖ ಸಪ್ಪಗೆ ಮಾಡುವ ಸಂಬಂಧವಾದರೆ, ಆ ಮುಖವನ್ನು ನಿಶ್ಚಿತಾರ್ಥಕ್ಕೆ ಮೊದಲೇ ನೋಡಿಬಿಡುವುದು ಒಳ್ಳೆಯದು. ಕಡೇಪಕ್ಷ ಮದುವೆಯಾಗುವ ಹುಡುಗ ಹುಡುಗಿ ಇಬ್ಬರಿಗಂತೂ ತಿಳಿದಿರಲೇಬೇಕು. (ಹರಳು ಯಾವುದಾದರೂ ವಿವಾಹ ಸಂಸ್ಕಾರದ ಸಿಂಧುತ್ವಕ್ಕೆ ಧಕ್ಕೆಯಿಲ್ಲ. ಧರ್ಮಸಭೆ ಉಂಗುರವನ್ನು ಆಶೀರ್ವದಿಸುವಾಗ ಪ್ರೀತಿ ಮತ್ತು ನಿಷ್ಠೆಯನ್ನು ಹೆಸರಿಸುತ್ತದೆ, ಕ್ಯಾರೆಟ್ಟನ್ನಲ್ಲ.)

ಈ ದರ್ಜೆಯ ಹುಚ್ಚು ಹರಳಿನಿಂದ ಮನುಷ್ಯನಿಗೆ ಬೇಗ ದಾಟುತ್ತದೆ. ಬ್ರೆಜಿಲಿನಲ್ಲಿ 1720ರ ದಶಕದಲ್ಲಿ ಗಣಿಗಳು ಸಿಗುವವರೆಗೆ ಜಗತ್ತಿಗೆ ವಜ್ರ ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ, ನಮ್ಮ ಕೃಷ್ಣೆಯೇ ಕೆಳಗೆ ಹರಿದುಹೋಗುವ ಗೋಲ್ಕೊಂಡ ಸೀಮೆಯಿಂದ. ವಜ್ರಪರೀಕ್ಷೆಯ ಶಾಸ್ತ್ರವೂ ಇಲ್ಲಿ ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ವಜ್ರದ ಬಣ್ಣಗಳನ್ನು ನಾಲ್ಕು ವರ್ಣಗಳಿಗೆ ಹಂಚುತ್ತದೆ: ಬಿಳಿಯದು ಬ್ರಾಹ್ಮಣರಿಗೆ, ಕಪ್ಪು ಛಾಯೆಯದು ಶೂದ್ರರಿಗೆ. ಕಲ್ಲಿಗೂ ಜಾತಿ! ನಗಬೇಡಿ. ಬಂಗಾರದ ಉಂಗುರ ತೊಟ್ಟು ಸಭೆಗೆ ಬಂದವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿ ನೆಲ ಎಂಬ ಭೇದವನ್ನು ಸಂತ ಯಾಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಖಂಡಿಸಬೇಕಾಗಿ ಬಂದದ್ದು ಕ್ರೈಸ್ತರ ಸಭೆಯಲ್ಲೇ.

ದರ್ಜೆಯ ಕಾಗದ ಹೇಳದ ಸಂಗತಿ ಇನ್ನೊಂದಿದೆ: ಹರಳನ್ನು ಅಗೆದ ಕೈ ಯಾರದು ಎಂಬುದು. ಅಂಗೋಲ, ಸಿಯೆರಾ ಲಿಯೋನ್ ದೇಶಗಳಲ್ಲಿ ಬಂಡುಕೋರರು ವಜ್ರ ಮಾರಿ ಕೋವಿ ಕೊಂಡರು. ಅದನ್ನು ತಡೆಯಲು 2003ರಲ್ಲಿ ಕಿಂಬರ್ಲಿ ಪ್ರಮಾಣಪತ್ರದ ವ್ಯವಸ್ಥೆ ಬಂತು, ಭಾರತವೂ ಅದರಲ್ಲಿದೆ. ಆದರೆ ಅದು ತಡೆಯುವುದು ಬಂಡುಕೋರರ ಕಲ್ಲನ್ನು ಮಾತ್ರ. ಕೂಲಿಯವನ ಸಂಬಳವನ್ನು ಕೇಳುವುದಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಶೇಕಡಾ 10.25 ರಿಕವರಿಯ ಮೇಲೆ ಕಬ್ಬಿಗೆ ದರ ಕಟ್ಟುವಾಗ, ತಕ್ಕಡಿಯೂ ಪರೀಕ್ಷೆಯೂ ಇನ್ನೊಬ್ಬರ ಕೈಯಲ್ಲಿದ್ದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಮ್ಮ ರೈತರಿಗೆ ಗೊತ್ತು. ವಜ್ರದ ಅಂಗಡಿಯಲ್ಲೂ ಅದೇ ಎಚ್ಚರವಿರಲಿ. ಅಂಗಡಿಯವರ ಸ್ವಂತ ಚೀಟಿಯನ್ನಲ್ಲ, ಸ್ವತಂತ್ರ ಪ್ರಯೋಗಾಲಯದ ವರದಿಯನ್ನು ಕೇಳಿ. ಬಂಗಾರಕ್ಕೆ ಹಾಲ್‌ಮಾರ್ಕ್ ಜೊತೆಗೆ ಆರು ಅಕ್ಷರ-ಅಂಕಿಗಳ ಗುರುತು ಇರಬೇಕು, 2023ರ ಏಪ್ರಿಲ್ 1ರಿಂದ ಅದು ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೀವೇ ಪರೀಕ್ಷಿಸಬಹುದು. ವಜ್ರ ಕೂರಿಸುವ ಬಂಗಾರ ಸಾಮಾನ್ಯವಾಗಿ 18 ಕ್ಯಾರೆಟ್, ಗುರುತು 750. ಅದಕ್ಕೆ 22 ಕ್ಯಾರೆಟ್ಟಿನ, ಅಂದರೆ 916ರ ದರ ಕೊಡಬೇಡಿ. ಮರಳಿ ಕೊಂಡರೆ ಎಷ್ಟು ಕಡಿತ ಮಾಡುತ್ತಾರೆಂದು ಬರೆಸಿಕೊಳ್ಳಿ.

ಎಲ್ಲಕ್ಕಿಂತ ಮೊದಲು ನಿಮ್ಮ ಮನೆಯ ಸ್ಥಿತಿ ನೋಡಿ. ನಮ್ಮ ಭಾಗದಲ್ಲಿ ಬಂಗಾರ ಬರೀ ಅಲಂಕಾರವಲ್ಲ. ಬಿತ್ತನೆಗೆ, ಆಸ್ಪತ್ರೆಗೆ, ಮಗ್ಗ ನಿಂತ ತಿಂಗಳಿಗೆ ಅದೇ ಆಸರೆ. ಬ್ಯಾಂಕಿನಲ್ಲಿ ಅಡವಿಟ್ಟರೆ ಹರಳಿನ ತೂಕ ಕಳೆದು ಬಂಗಾರಕ್ಕೆ ಮಾತ್ರ ಸಾಲ ಕೊಡುತ್ತಾರೆ. ಒಂದೂವರೆ ತೊಲೆಯ ಸರ ನಿಮ್ಮನ್ನು ಒಂದು ಕಷ್ಟದಿಂದ ದಾಟಿಸಬಹುದು. ಅಷ್ಟೇ ಬೆಲೆಯ ವಜ್ರದೋಲೆ ಆ ಹೊತ್ತಿನಲ್ಲಿ ಕೈಹಿಡಿಯದು. ಶಕ್ತಿಯಿದ್ದವರು ವಜ್ರ ಕೊಳ್ಳುವುದು ಪಾಪವೆಂದು ನಾನು ಹೇಳಲಾರೆ. ಬಡ್ಡಿಗೆ ಸಾಲ ತಂದು, ಮುಂದಿನ ಮಗಳ ಓದು ನಿಲ್ಲಿಸಿ ಕೊಂಡರೆ ಅದು ಆ ಮಗಳಿಗೆ ಮಾಡಿದ ಅನ್ಯಾಯ.

ಕೊಂಡದ್ದರ ಬಿಲ್ಲನ್ನು ಮಗಳ ಹೆಸರಿನಲ್ಲೇ ಮಾಡಿಸಿ. ಹರಳಿನ ವರದಿಯನ್ನೂ ಬಿಲ್ಲನ್ನೂ ಒಂದೇ ಲಕೋಟೆಯಲ್ಲಿಟ್ಟು, ಬೀಗರ ಕೈಗಲ್ಲ, ಅವಳ ಕೈಗೇ ಕೊಡಿ.