ಸಂಸೋನನ ಒಗಟು

ಮೂಲವಚನ: ನ್ಯಾಯಸ್ಥಾಪಕರು ೧೪ನೆಯ ಅಧ್ಯಾಯ, ೫ರಿಂದ ೨೦ರ ವರೆಗೆ



ನಮ್ಮ ಕನ್ನಡ ನಾಡಿನಲ್ಲಿ ಒಗಟೆಂದೂ ಒಡಪೆಂದೂ ಕರೆಯಲ್ಪಡುವ ಗೂಢವಾದ ಮಾತುಗಳನ್ನು ಅರಿಯದವರು ಯಾರು? ಸಂಜೆ ಕೆಲಸ ತೀರಿದ ಮೇಲೆ ಅಜ್ಜಿಯು ಜಗಲಿಯಲ್ಲಿ ಕೂತು ಮೊಮ್ಮಕ್ಕಳಿಗೆ ಒಗಟು ಹಾಕುವಳು. ಮದುವೆಯ ಮನೆಯಲ್ಲಿ ಬೀಗರು ಬೀಗರನ್ನು ಒಗಟಿನಿಂದ ಪರೀಕ್ಷಿಸುವರು. ಇದು ಬರಿಯ ಆಟ, ದೇವರ ವಾಕ್ಯಕ್ಕೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಆದರೆ ಸತ್ಯವೇದವು ಒಗಟನ್ನು ತಳ್ಳಿಬಿಡುವದಿಲ್ಲ. ಇಬ್ರಿಯ ಭಾಷೆಯಲ್ಲಿ ಒಗಟಿಗೆ ಹೀದಾ ಎಂಬ ಮಾತುಂಟು. ಸಂಸೋನನು ತನ್ನ ಮದುವೆಯಲ್ಲಿ ಒಡ್ಡಿದ್ದಕ್ಕೂ, ಶೆಬದ ರಾಣಿಯು ಸೊಲೊಮೋನನ ಜ್ಞಾನವನ್ನು ಶೋಧಿಸುವದಕ್ಕೆ ತಂದ ಕಠಿಣ ಪ್ರಶ್ನೆಗಳಿಗೂ, ದೇವರು ಯೆಹೆಜ್ಕೇಲನ ಬಾಯಿಂದ ಇಸ್ರಾಯೇಲ್ಯರ ಮುಂದೆ ಇಡಿಸಿದ ಹದ್ದುಗಳ ಮತ್ತು ದ್ರಾಕ್ಷಾಲತೆಯ ಮಾತಿಗೂ ಅದೇ ಹೆಸರು. ಹೀಗಿರಲಾಗಿ ಒಗಟು ತನ್ನಷ್ಟಕ್ಕೆ ದೋಷವಲ್ಲ. ಅದನ್ನು ಯಾವ ಮನಸ್ಸಿನಿಂದ ಕಟ್ಟುತ್ತೇವೆ, ಯಾವ ರೀತಿಯಿಂದ ಬಿಡಿಸುತ್ತೇವೆ ಎಂಬದೇ ವಿಚಾರಿಸತಕ್ಕದ್ದು.

ಮೊದಲನೆಯದಾಗಿ, ಸಂಸೋನನು ಒಗಟನ್ನು ಕಟ್ಟಿದ ರೀತಿಯನ್ನು ನೋಡೋಣ. ಅವನು ತಿಮ್ನಾ ಊರಿನ ದಾರಿಯಲ್ಲಿ ತನ್ನ ಮೇಲೆ ಬಂದ ಪ್ರಾಯದ ಸಿಂಹವನ್ನು ಕೊಂದನು. ಕೆಲವು ಕಾಲದ ಮೇಲೆ ತಿರಿಗಿ ಬರುವಾಗ ಅದರ ಹೆಣದಲ್ಲಿ ಜೇನುಹುಳಗಳು ಗೂಡು ಕಟ್ಟಿದ್ದವು. ಅವನು ಜೇನನ್ನು ತೆಗೆದು ತಾನೂ ತಿಂದು ತಂದೆತಾಯಿಗಳಿಗೂ ಕೊಟ್ಟನು. ಆದರೆ ಅದು ಎಲ್ಲಿಯದೆಂದು ತಿಳಿಸಲಿಲ್ಲ. ಅಂಥ ಮೃಗದ ಹೆಣವನ್ನು ಮುಟ್ಟುವದು ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅಶುದ್ಧತೆ. ಅವನಾದರೋ ಹುಟ್ಟಿನಿಂದ ದೇವರಿಗೆ ಪ್ರತಿಷ್ಠಿತನಾದ ನಾಜೀರನು. ಮನೆಯವರಿಗೆ ಹೇಳಬೇಕಾಗಿದ್ದ ಸಂಗತಿಯನ್ನು ಮುಚ್ಚಿಟ್ಟು, ಮದುವೆಯ ಔತಣದಲ್ಲಿ ಅದನ್ನೇ ಆಟವಾಗಿ ಮಾಡಿದನು. ನುಂಗುವವನಿಂದ ಊಟವೂ ಬಲವಂತನಿಂದ ಸವಿಯೂ ಹೊರಟದ್ದು ಹೇಗೆಂದು ೩೦ ಮಂದಿ ಸಂಗಡಿಗರನ್ನು ಕೇಳಿ, ಏಳು ದಿನಗಳೊಳಗೆ ಬಿಡಿಸಿದರೆ ೩೦ ನಾರಿನ ಅಂಗಿಗಳನ್ನೂ ೩೦ ಉಡುಪುಗಳನ್ನೂ ತಾನು ಕೊಡುವನೆಂದೂ, ಬಿಡಿಸದಿದ್ದರೆ ಅವರೇ ಕೊಡಬೇಕೆಂದೂ ಪಣ ಕಟ್ಟಿದನು.

ಈ ಒಗಟಿನ ಗುರುತುಗಳು ಸುಳ್ಳಲ್ಲ. ಆದರೆ ಅದರ ಉತ್ತರವು ಅವನೊಬ್ಬನೇ ಕಂಡ ಸಂಗತಿಯಲ್ಲಿ ಅಡಗಿತ್ತು. ಎಷ್ಟು ಯೋಚಿಸಿದರೂ ಮತ್ತೊಬ್ಬನಿಗೆ ಅಲ್ಲಿಗೆ ದಾರಿ ಇರಲಿಲ್ಲ. ನ್ಯಾಯವಾದ ಒಗಟು ಹಾಗಲ್ಲ. ಹೇಗಂದರೆ, ನೀವು ಮಕ್ಕಳನ್ನು ಹೀಗೆ ಕೇಳಿರಿ: ಒಬ್ಬನೇ ಮಣ್ಣಿಗೆ ಇಳಿದನು, ತೊಟ್ಟ ಅಂಗಿಯನ್ನು ಅಲ್ಲೇ ಬಿಟ್ಟನು, ಹಸುರಾಗಿ ಎದ್ದನು, ಹೊನ್ನಾಗಿ ಬಾಗಿದನು, ನೂರು ಮಂದಿಯಾಗಿ ಮನೆಗೆ ಬಂದನು, ಇವನು ಯಾರು? ಸೂರ್ಯನೆಂದು ಒಂದು ಮಗು ಹೇಳಬಹುದು. ಇಳಿಯುವದೂ ಏಳುವದೂ ಸೂರ್ಯನಿಗೆ ಹೊಂದುತ್ತವೆ, ನೂರಾಗುವದು ಹೊಂದುವದಿಲ್ಲ. ಆಗ ಮಗುವು ತಿರಿಗಿ ಯೋಚಿಸಿ, ಒಂದೊಂದು ಗುರುತನ್ನೂ ತೂಗಿ ನೋಡಿ, ಭತ್ತದ ಬೀಜವೆಂದು ಕಂಡುಕೊಳ್ಳುವದು. ಇಲ್ಲಿ ಹೆಸರು ಮಾತ್ರ ಮರೆಯಾಗಿದೆ. ವಸ್ತುವು ಎಲ್ಲರ ಹೊಲದಲ್ಲಿಯೂ ಇದೆ. ಕೇಳುವವನು ಕಂಡರಿಯದ್ದನ್ನು ಕೇಳಿ ಅವನನ್ನು ಮೂಢನೆಂದು ನಗುವದು ಜ್ಞಾನವಲ್ಲ, ಗರ್ವವೇ.

ಎರಡನೆಯದಾಗಿ, ಆ ಒಗಟು ಬಿಡಿಸಲ್ಪಟ್ಟ ರೀತಿಯನ್ನು ನೋಡಿರಿ. ಮೂರು ದಿನ ಯೋಚಿಸಿದರೂ ಆ ಮೂವತ್ತು ಮಂದಿಗೆ ತಿಳಿಯಲಿಲ್ಲ. ತಮಗೆ ತಿಳಿಯದೆಂದು ಒಪ್ಪಿಕೊಂಡಿದ್ದರೆ ಒಬ್ಬೊಬ್ಬನಿಗೆ ಆಗುತ್ತಿದ್ದ ನಷ್ಟವೆಷ್ಟು? ಒಂದು ಅಂಗಿ, ಒಂದು ಉಡುಪು. ಅಷ್ಟನ್ನು ಉಳಿಸುವದಕ್ಕೆ ಅವರು ಮದುವಣಗಿತ್ತಿಯ ಬಳಿಗೆ ಹೋಗಿ, ಗಂಡನ ಬಾಯಿಂದ ಉತ್ತರವನ್ನು ಹೊರಡಿಸದಿದ್ದರೆ ಅವಳನ್ನೂ ಅವಳ ತಂದೆಯ ಮನೆಯನ್ನೂ ಸುಟ್ಟುಬಿಡುವೆವೆಂದು ಬೆದರಿಸಿದರು. ಅವಳು ಅತ್ತು ಅತ್ತು ಗಂಡನನ್ನು ಪೀಡಿಸಿದಳು, ಅವನು ಹೇಳಿದನು, ಕಡೇ ದಿನ ಹೊತ್ತು ಮುಳುಗುವದಕ್ಕೆ ಮುಂಚೆ ಅವರು ಜ್ಞಾನಿಗಳಂತೆ ಬಂದು ಉತ್ತರ ಕೊಟ್ಟರು. ಸಂಸೋನನು ಕೋಪದಿಂದ ಅಷ್ಕೆಲೋನಿಗೆ ಹೋಗಿ ೩೦ ಮಂದಿಯನ್ನು ಕೊಂದು ಅವರ ಉಡುಪುಗಳಿಂದ ಪಣವನ್ನು ತೀರಿಸಿದನು. ಅವನ ಹೆಂಡತಿಯು ಮತ್ತೊಬ್ಬನಿಗೆ ಕೊಡಲ್ಪಟ್ಟಳು. ಮುಂದಿನ ಅಧ್ಯಾಯದಲ್ಲಿ ಫಿಲಿಷ್ಟಿಯರು ಅವಳನ್ನೂ ಅವಳ ತಂದೆಯನ್ನೂ ಸುಟ್ಟುಬಿಟ್ಟರೆಂದು ಓದುತ್ತೇವೆ. ಅಯ್ಯೋ, ಯಾವ ಬೆಂಕಿಗೆ ಹೆದರಿ ಗಂಡನ ಗುಟ್ಟನ್ನು ಕೊಟ್ಟಳೋ ಆ ಬೆಂಕಿಯೇ ಅವಳನ್ನು ತಿಂದಿತು! ದುಡಿಯದೆ ಕದ್ದ ಉತ್ತರದಿಂದ ಯಾರಿಗೂ ಲಾಭವಾಗಲಿಲ್ಲ.

ಮೂರನೆಯದಾಗಿ, ಇದಕ್ಕೆ ಪ್ರತಿಯಾದ ಮತ್ತೊಂದು ಗೂಢ ಮಾತನ್ನು ನೆನಸಿರಿ. ದಾವೀದನು ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಅವನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿ, ಎಲ್ಲವನ್ನು ಮುಚ್ಚಿಟ್ಟಿದ್ದನು. ಆಗ ಪ್ರವಾದಿಯಾದ ನಾತಾನನು ಬಂದು, ಅನೇಕ ಕುರಿಗಳುಳ್ಳ ಐಶ್ವರ್ಯವಂತನು ಬಡವನ ಒಂದೇ ಹೆಣ್ಣುಕುರಿಮರಿಯನ್ನು ಕಸುಕೊಂಡ ಕಥೆಯನ್ನು ಹೇಳಿದನು. ದಾವೀದನು ಕೋಪಗೊಂಡು, ಅಂಥವನು ಸಾಯತಕ್ಕವನೆಂದು ತೀರ್ಪು ಕೊಟ್ಟನು. ಆ ಮನುಷ್ಯನು ನೀನೇ ಎಂದು ನಾತಾನನು ತೋರಿಸಿದಾಗ ಅರಸನು ತನ್ನ ಪಾಪವನ್ನು ಒಪ್ಪಿಕೊಂಡನು. ಸಂಸೋನನ ಒಗಟಿನ ಉತ್ತರವು ಕೇಳುವವರಿಗೆ ಎಟಕದ ಕಾಡಿನಲ್ಲಿತ್ತು. ನಾತಾನನ ಕಥೆಯ ಉತ್ತರವು ಕೇಳುವವನ ಎದೆಯಲ್ಲಿಯೇ ಇತ್ತು. ಒಂದು ದೋಷವನ್ನು ಮುಚ್ಚಿತು, ಇನ್ನೊಂದು ದೋಷವನ್ನು ಬಿಚ್ಚಿತು.

ಆದದರಿಂದ, ಪ್ರಿಯರೇ, ನಿಮ್ಮ ಮನೆಗಳಲ್ಲಿ ಒಗಟುಗಳು ನಿಲ್ಲಬೇಕಾಗಿಲ್ಲ, ಹೊಸದಾಗಿಯೂ ಕಟ್ಟಿರಿ. ಬಾವಿಯ ಹಗ್ಗ, ಒಲೆಯ ಬೂದಿ, ನೇಗಿಲ ಗೆರೆ, ಇವು ಸಾಕು. ಸತ್ಯವಾದ ಗುರುತುಗಳನ್ನೇ ಹೇಳಿರಿ. ಹಣದ ಪಣ ಕಟ್ಟಬೇಡಿರಿ. ತಡವಾಗಿ ಯೋಚಿಸುವ ಮಗುವಿಗೆ ಕಾಲಾವಕಾಶ ಕೊಡಿರಿ. ನೆರೆಯವನ ಹಲಗೆಯನ್ನು ಕದ್ದು ನೋಡಿ ಉತ್ತರ ಹೇಳುವ ಮಗುವಿಗಿಂತ, ನನಗೆ ತಿಳಿಯದು ಎನ್ನುವ ಮಗುವನ್ನು ಹೆಚ್ಚು ಮೆಚ್ಚಿರಿ. ಸಭೆಯ ಹಿರಿಯರೇ, ಪಂಚಾಯತಿಯಲ್ಲಿ ಸಹೋದರನನ್ನು ಸಿಕ್ಕಿಸುವದಕ್ಕೆ ಪ್ರಶ್ನೆ ಕಟ್ಟದೆ, ಅವನನ್ನು ಬಿಡಿಸುವದಕ್ಕೆ ಕಟ್ಟಿರಿ.

ಕಡೆಗೆ ಇನ್ನೊಂದು ಮಾತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ೧೩ನೆಯ ಅಧ್ಯಾಯದಲ್ಲಿ, ನಾವು ಈಗ ಕಾಣುವದು ಮೊಬ್ಬಾಗಿದೆ ಎಂದು ಪೌಲನು ಹೇಳುವಲ್ಲಿ ಗ್ರೀಕ್ ಭಾಷೆಯ ಐನಿಗ್ಮ ಎಂಬ ಮಾತು ಇದೆ. ಅದರ ಅರ್ಥ ಒಗಟೆಂದೇ. ಮಳೆ ಬಾರದ ವರುಷ, ತೊಟ್ಟಿಲಲ್ಲೇ ತೀರಿಹೋದ ಕೂಸು, ನೀತಿವಂತನ ಮನೆಗೆ ಬಂದ ರೋಗ, ಇವುಗಳ ಉತ್ತರ ನಮಗೆ ತಿಳಿದಿಲ್ಲ. ಆಗ ಕಣಿ ಹೇಳುವವರ ಬಳಿಗೆ ಓಡುವವನು ಆ ಮೂವತ್ತು ಮಂದಿಯಂತೆ ಅಡ್ಡದಾರಿಯಿಂದ ಉತ್ತರವನ್ನು ಕದಿಯುವದಕ್ಕೆ ನೋಡುತ್ತಾನೆ. ನನಗೆ ತಿಳಿಯದು, ನನ್ನ ತಂದೆಗೆ ತಿಳಿದದೆ ಎಂದು ಹೇಳಿ ಕಾದುಕೊಳ್ಳುವದು ಸೋಲಲ್ಲ. ನಮ್ಮ ಮುಂದೆ ಒಗಟನ್ನು ಇಟ್ಟಾತನು ನಮ್ಮನ್ನು ನೋಡಿ ನಗುವವನಲ್ಲ. ಮುಖಾಮುಖಿಯಾಗಿ ಕಾಣುವ ದಿನದಲ್ಲಿ ತಾನೇ ಅದನ್ನು ಬಿಡಿಸಿ ತೋರಿಸುವನು. ಆ ತನಕ ಆತನು ನಮಗೆ ಯಥಾರ್ಥವಾದ ಹೃದಯವನ್ನು ದಯಪಾಲಿಸಲಿ. ಆಮೆನ್.