ಕಲ್ಲೆಸೆಯುವ ಪುಟ್ಟ ಕೈ

ನಾಯಿಯ ಬಾಲಕ್ಕೆ ಡಬ್ಬ ಕಟ್ಟಿ ಓಡಿಸುವುದನ್ನು ನಮ್ಮಲ್ಲಿ ಹಲವರು ಮಕ್ಕಳಾಟವೆಂದೇ ಭಾವಿಸುತ್ತಾರೆ. ಮಗು ಬೆಕ್ಕಿನ ಮರಿಯನ್ನು ಕಿವಿ ಹಿಡಿದೆತ್ತಿದರೆ ಹೆತ್ತವರೂ ನಗುತ್ತಾರೆ. ಇನ್ನು ಕೆಲವರು, ಇಂದು ನಾಯಿಗೆ ಕಲ್ಲೆಸೆದವನು ನಾಳೆ ಮನುಷ್ಯನನ್ನು ಕೊಲ್ಲುತ್ತಾನೆಂದು ಭವಿಷ್ಯ ನುಡಿಯುತ್ತಾರೆ. ಎರಡೂ ಅವಸರದ ತೀರ್ಪುಗಳೇ.

ಎರಡನೆಯ ಮಾತು ಬಹಳ ಹಳೆಯದು. 1751ರಲ್ಲಿ ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ ಕ್ರೌರ್ಯದ ನಾಲ್ಕು ಹಂತಗಳನ್ನು ಚಿತ್ರಿಸಿ ಅಚ್ಚು ಹಾಕಿಸಿದನು. ಅದರಲ್ಲಿ ಟಾಮ್ ನೀರೋ ಎಂಬ ಹುಡುಗ ಮೊದಲು ನಾಯಿಯನ್ನು ಹಿಂಸಿಸುತ್ತಾನೆ, ಬೆಳೆದ ಮೇಲೆ ಕುದುರೆಯನ್ನು ಬಡಿಯುತ್ತಾನೆ, ಆಮೇಲೆ ತನ್ನನ್ನು ನಂಬಿದ ಹೆಣ್ಣನ್ನು ಕೊಂದು ಗಲ್ಲಿಗೇರುತ್ತಾನೆ. ಮೆಟ್ಟಿಲ ಮೇಲೆ ಮೆಟ್ಟಿಲು!

ಆದರೆ 1999ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಬೇರೆಯೇ ಸಂಗತಿಯನ್ನು ಹೇಳಿತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಪ್ರಾಣಿಹಿಂಸೆಗಾಗಿ ಮೊಕದ್ದಮೆ ಎದುರಿಸಿದ 153 ಮಂದಿಯನ್ನು ಅವರ ನೆರೆಹೊರೆಯವರೊಂದಿಗೆ ಹೋಲಿಸಲಾಯಿತು. ಮನುಷ್ಯರ ಮೇಲೆ ಹಿಂಸಾತ್ಮಕ ಅಪರಾಧವೆಸಗುವ ಸಂಭವ ಇವರಲ್ಲಿ ಸುಮಾರು ಐದು ಪಟ್ಟು ಹೆಚ್ಚಿತ್ತು. ಆದರೆ ಪ್ರಾಣಿಯ ಸರದಿ ಮೊದಲು, ಮನುಷ್ಯನ ಸರದಿ ಆಮೇಲೆ ಎಂಬ ಕ್ರಮ ಕಾಣಲಿಲ್ಲ. ಕೆಲವರಲ್ಲಿ ಅದು ಮೊದಲು, ಕೆಲವರಲ್ಲಿ ಇದು ಮೊದಲು. ಇದು ಏಣಿಯಲ್ಲ, ಒಂದೇ ಬೇರಿನಿಂದ ಎದ್ದ ಎರಡು ಚಿಗುರುಗಳು.

ಆ ಬೇರು ಹಲವೊಮ್ಮೆ ಮನೆಯೊಳಗೇ ಇರುತ್ತದೆ. ಪತಿಯ ಅಥವಾ ಸಂಗಾತಿಯ ಹೊಡೆತ ತಾಳಲಾರದೆ ಯೂಟಾ ರಾಜ್ಯದ ಆಶ್ರಯಗೃಹ ಸೇರಿದ್ದ 38 ಸ್ತ್ರೀಯರನ್ನು ಫ್ರಾಂಕ್ ಅಸಿಯೋನ್ ಎಂಬ ಮನಶ್ಶಾಸ್ತ್ರಜ್ಞರು ವಿಚಾರಿಸಿ 1998ರಲ್ಲಿ ಪ್ರಕಟಿಸಿದರು. ಸಾಕುಪ್ರಾಣಿಯಿದ್ದವರಲ್ಲಿ ಶೇಕಡಾ 71 ಮಂದಿ, ಅವನು ಅದಕ್ಕೆ ಕೇಡು ಮಾಡುವೆನೆಂದು ಬೆದರಿಸಿದ್ದ, ಇಲ್ಲವೇ ಅದನ್ನು ಗಾಯಗೊಳಿಸಿದ್ದ ಅಥವಾ ಕೊಂದಿದ್ದ ಎಂದರು. ಪ್ರಾಣಿಯ ಮೇಲೆ ಬಿದ್ದ ಪೆಟ್ಟು ಹೆಂಡತಿಗೆ ಕೊಟ್ಟ ಎಚ್ಚರಿಕೆಯೂ ಆಗಿರುತ್ತದೆ. ಅದನ್ನು ನೋಡುತ್ತ ಮೂಲೆಯಲ್ಲಿ ನಿಂತ ಮಗು ಏನು ಕಲಿತೀತು? ತನಗಿಂತ ದುರ್ಬಲರ ಮೇಲೆ ಕೈಮಾಡಬಹುದೆಂದು. ಆ ಮಗುವಿಗಿಂತ ದುರ್ಬಲವಾದುದು ಮನೆಯಲ್ಲಿ ಬೆಕ್ಕಿನ ಮರಿಯಲ್ಲದೆ ಇನ್ನೇನಿದೆ?

ಎಲ್ಲ ಮಕ್ಕಳ ವಿಷಯ ಹೀಗಲ್ಲ. ಕುತೂಹಲಕ್ಕೆ, ಗೆಳೆಯರೆದುರಿನ ಜಂಬಕ್ಕೆ ಕಲ್ಲೆಸೆಯುವವರೇ ಹೆಚ್ಚು. ಅಂಥವರಿಗೆ ಪ್ರೀತಿಯಿಂದ ತಿಳಿಹೇಳಿದರೆ ಸಾಕು. ಆದರೆ ಮರೆಯಲ್ಲಿ ಮತ್ತೆ ಮತ್ತೆ ಹಿಂಸಿಸಿ, ಪ್ರಾಣಿಯ ಕೂಗು ಕೇಳಿ ಸಂತೋಷಪಡುವ ಹುಡುಗನಿದ್ದರೆ, ಅವನ ಬೆನ್ನಲ್ಲಿ ಬಾಸುಂಡೆ ಇದೆಯೇ ಎಂದು ಯಾರಾದರೂ ನೋಡಬೇಕು. ಅದು ತಂದೆಯ ಬೆಲ್ಟಿನದೇ ಆಗಬೇಕೆಂದಿಲ್ಲ, ನಮ್ಮಂಥ ಅಧ್ಯಾಪಕರ ಬೆತ್ತದ್ದೂ ಇದ್ದೀತು.

ಸಹೀಹುಲ್ ಬುಖಾರಿಯಲ್ಲಿ ಒಂದು ಘಟನೆ ವರದಿಯಾಗಿದೆ. ಅಬ್ದುಲ್ಲಾ ಬಿನ್ ಉಮರ್(ರ)ರವರು ಯಹ್ಯಾ ಬಿನ್ ಸಈದ್ ಎಂಬವರಲ್ಲಿಗೆ ಹೋದಾಗ, ಅವರ ಮಕ್ಕಳಲ್ಲೊಬ್ಬ ಕೋಳಿಯೊಂದನ್ನು ಕಟ್ಟಿಹಾಕಿ ಗುರಿಯಿಟ್ಟು ಹೊಡೆಯುತ್ತಿದ್ದ. ಇಬ್ನು ಉಮರ್(ರ) ನಡೆದುಹೋಗಿ ಕೋಳಿಯ ಕಟ್ಟು ಬಿಚ್ಚಿದರು. ಅಷ್ಟಕ್ಕೇ ಬಿಡಲಿಲ್ಲ. ಕೋಳಿಯನ್ನೂ ಹುಡುಗನನ್ನೂ ಜೊತೆಗೆ ಕರೆತಂದು, ಜೀವಿಗಳನ್ನು ಹೀಗೆ ಕಟ್ಟಿಹಾಕಿ ಕೊಲ್ಲುವುದನ್ನು ಪ್ರವಾದಿ(ಸ)ರು ನಿಷೇಧಿಸಿದ್ದನ್ನು ತಾನು ಕೇಳಿರುವೆನೆಂದೂ ನಿಮ್ಮ ಹುಡುಗರನ್ನು ತಡೆಯಬೇಕೆಂದೂ ಹೇಳಿದರು. ಹುಡುಗನಿಗೆ ಹೊಡೆದರೆಂದು ಅಲ್ಲಿಲ್ಲ. ಅವರು ಮಾತಾಡಿದ್ದು ಮನೆಯ ಹಿರಿಯರೊಂದಿಗೆ.